ಹಳೆಯ ರಾಲಿ 531 ಸೈಕಲ್ ಕೊಳ್ಳಲೋ, ಹೊಸ ಸ್ಟೀಲ್ ಫ್ರೇಮೋ?

1980ರ ದಶಕದ ರಾಲಿ ಸೈಕಲ್ ಲಂಡನ್‌ಗಿಂತ ನಾಟಿಂಗ್‌ಹ್ಯಾಮ್ ಕಡೆ ಅಗ್ಗ ಯಾಕೆ, ತಂದುಬಿಡಲಾ ಅಥವಾ ಹೊಸ ಫ್ರೇಮ್ ತಗೊಳ್ಳಲಾ ಅಂತ ಕೇಳಿದ್ದೀರಿ. ಅಗ್ಗ ಅಂತ ಗುಮಾನಿ ಬೇಡ. ರಾಲಿ ಕಾರ್ಖಾನೆ ಇದ್ದ ಊರು ಅದು, ಹಳೆ ಗಾಡಿಗಳಿಗೆ ಬರವಿಲ್ಲ. ಲಂಡನ್‌ನಲ್ಲಿ ಗಿರಾಕಿಗಳು ಜಾಸ್ತಿ. ಹೋಗಿ ತರುವ ರೈಲು ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿ.

ಫ್ರೇಮಿನ ಮೇಲಿನ ರೆನಾಲ್ಡ್ಸ್ 531 (ಹೆಸರುವಾಸಿ ಸ್ಟೀಲ್ ಪೈಪ್) ಸ್ಟಿಕ್ಕರ್ ಪೂರ್ತಿ ಓದಿ. ಕೆಲವದರಲ್ಲಿ ಮುಖ್ಯ ಮೂರು ಪೈಪ್ ಮಾತ್ರ 531. ಸೀಟ್ ಪೋಸ್ಟ್ (ಸೀಟನ್ನು ಹೊರುವ ಕಂಬಿ) 27.2 ಮಿ.ಮೀ. ದಪ್ಪ ಇದ್ದರೆ ಪೈಪು ತೆಳು, ಒಳ್ಳೆಯ ಲಕ್ಷಣ. ಆ ಪೋಸ್ಟನ್ನು ನಿಮ್ಮೆದುರೇ ಹೊರಗೆ ಎಳೆಸಿ. ಸ್ಟೀಲ್ ಪೈಪಿನೊಳಗೆ ಅಲ್ಯೂಮಿನಿಯಂ ಪೋಸ್ಟ್ ತುಕ್ಕಿಗೆ ಕಚ್ಚಿಕೊಂಡಿದ್ದರೆ ಬಿಡಿಸೋದು ದೊಡ್ಡ ರಗಳೆ. ಹ್ಯಾಂಡಲ್ ಕೆಳಗೆ, ಡೌನ್ ಟ್ಯೂಬ್ (ಪೆಡಲ್ ಕಡೆಗೆ ಇಳಿಯುವ ಪೈಪು) ಶುರುವಾಗುವಲ್ಲಿ ಅಡಿಯಿಂದ ಬೆರಳಾಡಿಸಿ; ಉಬ್ಬೋ ಬಣ್ಣದ ಸುಕ್ಕೋ ತಗುಲಿದರೆ ಮುಂದಿನಿಂದ ಗುದ್ದಿಸಿಕೊಂಡ ಗಾಡಿ, ಬಿಟ್ಟುಬಿಡಿ.

ದುಡ್ಡು ಸೋರೋದು ಚಕ್ರದಲ್ಲಿ. ಹಿಂದಿನ ಡ್ರಾಪ್‌ಔಟ್ (ಚಕ್ರದ ಅಚ್ಚು ಕೂರುವ ಕೊಂಡಿ) ಅಂತರ ಸಾಮಾನ್ಯವಾಗಿ 126 ಮಿ.ಮೀ., ಈಚಿನ ರಿಮ್ ಬ್ರೇಕ್ ರೋಡ್ ಹಬ್‌ಗೆ (ಚಕ್ರದ ನಡುವಿನ ಗುಂಬ) 130 ಬೇಕು. ಸ್ಟೀಲ್ ಆದ್ದರಿಂದ ಬಲ್ಲ ಮೆಕ್ಯಾನಿಕ್ ಅಗಲಿಸಿ, ಸಾಲು ಸರಿಮಾಡಿ ಕೊಡುತ್ತಾರೆ. 27 ಇಂಚಿನ ರಿಮ್ ತೆಗೆದು ಈಗ ಬಳಕೆಯಲ್ಲಿರುವ, ಸ್ವಲ್ಪ ಚಿಕ್ಕ 700ಸಿ ಅಳತೆಯದು ಹಾಕಿದರೆ ಬ್ರೇಕ್ ಪ್ಯಾಡ್ 4 ಮಿ.ಮೀ. ಕೆಳಗಿಳಿಯಬೇಕು, ಕ್ಯಾಲಿಪರ್‌ನಲ್ಲಿ (ಪ್ಯಾಡ್ ಹಿಡಿದ ಬ್ರೇಕ್ ತೋಳು) ಅಷ್ಟು ಜಾಗ ಇದೆಯಾ ನೋಡಿ.

ಟೈರು, ಕೇಬಲ್, ಬ್ರೇಕ್ ಪ್ಯಾಡ್ ಬದಲಿಸಿ ಓಡಿಸುವಂತಿದ್ದರೆ ಹಳೆಯದನ್ನೇ ತನ್ನಿ. ಚಕ್ರ, ಗೇರು ಎರಡೂ ಹೋಗಿದ್ದರೆ ಅಥವಾ ಡಿಸ್ಕ್ ಬ್ರೇಕ್ ಬೇಕಿದ್ದರೆ ಹೊಸ ಫ್ರೇಮೇ ಸರಿ.