ಟೇಲರ್ ಸ್ವಿಫ್ಟ್ ಸಿಂಗಾಪುರದಲ್ಲಿ ಆರು ರಾತ್ರಿ ಹಾಡಿದರು, ಭಾರತಕ್ಕೆ ಯಾಕೆ ಬರಲಿಲ್ಲ?

ನೀವು ಕೇಳಿದ್ದು ಎರಡು ಪ್ರಶ್ನೆ. ಭಾರತದಲ್ಲಿ ಅಷ್ಟೊಂದು ಅಭಿಮಾನಿಗಳಿದ್ದರೂ ಅಮೆರಿಕದ ಪಾಪ್ ಗಾಯಕಿ ಟೇಲರ್ ಸ್ವಿಫ್ಟ್ ಅವರು ದೇಶ ದೇಶ ಸುತ್ತಿ ಹಾಡಿದ ಎರಾಸ್ ಟೂರ್ ಇಲ್ಲಿಗೆ ಬರಲಿಲ್ಲ, ಪುಟ್ಟ ಸಿಂಗಾಪುರಕ್ಕೆ ಮಾತ್ರ ಆರು ಶೋ ಹೇಗೆ ಸಿಕ್ಕಿತು ಅನ್ನೋದು ಮೊದಲನೆಯದು. ರಾಯಚೂರಿನಲ್ಲಿರುವ ನೀವು ಮತ್ತು ನಿಮ್ಮ ತಂಗಿ ಇಂಥ ಸ್ಟೇಡಿಯಂ ಶೋ ಒಂದನ್ನಾದರೂ ನೋಡಬೇಕಂದ್ರೆ ಏನು ಮಾಡಬೇಕು ಅನ್ನೋದು ಇನ್ನೊಂದು.

ನಾನು ಬಳ್ಳಾರಿಯಲ್ಲಿ ಸೌಂಡ್ ಮತ್ತು ಲೈಟಿಂಗ್ ಕೆಲಸ ಮಾಡುತ್ತೇನೆ. ಜಾತ್ರೆ, ಆರ್ಕೆಸ್ಟ್ರಾ, ಕಾಲೇಜು ಫೆಸ್ಟ್, ಚುನಾವಣೆ ಬಂತೆಂದರೆ ಸಭೆಗಳು. ಹುಡುಗನಾಗಿದ್ದಾಗ ನಾಟಕ ಕಂಪನಿಯೊಂದರ ಜೊತೆ ಊರೂರು ತಿರುಗಿ ಲೈಟು ಹಾಕಿದವನು. ಪಾಪ್ ಹಾಡುಗಳ ಬಗ್ಗೆ ನನ್ನನ್ನು ಕೇಳಬೇಡಿ, ಅದಕ್ಕೆ ನನ್ನ ಮಗಳಿದ್ದಾಳೆ. ಆದರೆ ಸ್ಟೇಜು, ಲಾರಿ, ಜನರೇಟರ್, ಪರ್ಮಿಷನ್ ಇವೆಲ್ಲ ನನ್ನ ಹೊಟ್ಟೆಪಾಡು. ನಿಮ್ಮ ಮೊದಲ ಪ್ರಶ್ನೆಯ ಉತ್ತರ ಇರೋದೂ ಅಲ್ಲೇ.

ಮೊದಲು ಆ ಟೂರ್ ಎಷ್ಟು ದೊಡ್ಡದು ನೋಡಿ. 2023ರ ಮಾರ್ಚ್ 17ರಂದು ಅಮೆರಿಕದ ಗ್ಲೆಂಡೇಲ್‌ನಲ್ಲಿ ಶುರುವಾಗಿ 2024ರ ಡಿಸೆಂಬರ್ 8ರಂದು ಕೆನಡಾದ ವ್ಯಾಂಕೂವರ್‌ನಲ್ಲಿ ಮುಗಿಯಿತು. ಒಟ್ಟು 149 ಶೋ. 1 ಕೋಟಿಗೂ ಜಾಸ್ತಿ ಜನ ನೋಡಿದರು. ಟಿಕೆಟ್ ಕಲೆಕ್ಷನ್ ಸುಮಾರು 207 ಕೋಟಿ ಡಾಲರ್, ನಮ್ಮ ಲೆಕ್ಕದಲ್ಲಿ 17 ಸಾವಿರ ಕೋಟಿ ರೂಪಾಯಿ ದಾಟುತ್ತದೆ. ಇಷ್ಟು ದೊಡ್ಡ ಟೂರ್ ಏಷ್ಯಾದಲ್ಲಿ ನಿಂತಿದ್ದು ಎರಡೇ ಊರಲ್ಲಿ. ಟೋಕಿಯೊದಲ್ಲಿ ನಾಲ್ಕು ರಾತ್ರಿ, ಸಿಂಗಾಪುರದಲ್ಲಿ ಆರು. ಹಾಗಾಗಿ ನಮ್ಮನ್ನೊಬ್ಬರನ್ನೇ ಬಿಟ್ಟುಹೋದರು ಅಂತ ಬೇಜಾರು ಬೇಡ. ಥಾಯ್ಲೆಂಡ್, ಇಂಡೋನೇಷ್ಯಾ, ಫಿಲಿಪ್ಪೀನ್ಸ್, ಕೊರಿಯಾ ಯಾರಿಗೂ ಸಿಗಲಿಲ್ಲ.

ಗಾಯಕಿ ವಿಮಾನ ಹತ್ತಿ ಬರುತ್ತಾರೆ, ಹಾಡುತ್ತಾರೆ, ಹೋಗುತ್ತಾರೆ ಅಂತ ಜನ ಅಂದುಕೊಂಡಿರುತ್ತಾರೆ. ಅವರು ಬರೋದು ಎಲ್ಲಕ್ಕಿಂತ ಕೊನೆಗೆ. ಅವರಿಗಿಂತ ಎಷ್ಟೋ ದಿನ ಮುಂಚೆ ಕಬ್ಬಿಣ ಬರುತ್ತದೆ. ಮೈದಾನದ ಹುಲ್ಲಿನ ಮೇಲೆ ಹಲಗೆ ಹಾಸಬೇಕು. ಅದರ ಮೇಲೆ ಕ್ರೇನ್ ಓಡಾಡಬೇಕು. ಸ್ಟೇಜಿನ ಅಸ್ಥಿಪಂಜರ ಎದ್ದ ಮೇಲೆ ಸ್ಪೀಕರ್, ಲೈಟು, ಎಲ್‌ಇಡಿ ಪರದೆ ನೇತುಹಾಕಬೇಕು. ಒಂದು ಊರಿನಲ್ಲಿ ಶೋ ನಡೆಯುತ್ತಿರುವಾಗಲೇ ಮುಂದಿನ ಊರಿನಲ್ಲಿ ಇನ್ನೊಂದು ಸೆಟ್ ಕಬ್ಬಿಣ ನಿಲ್ಲುತ್ತಿರುತ್ತದೆ. 2009ರಿಂದ 2011ರವರೆಗೆ ಯು2 ಬ್ಯಾಂಡ್ ಮಾಡಿದ ಟೂರ್‌ನಲ್ಲಿ 50 ಮೀಟರ್ ಎತ್ತರದ, ನಾಲ್ಕು ಕಾಲಿನ ಸ್ಟೇಜ್ ಇತ್ತು. ಅಂಥವು ಮೂರು ಮಾಡಿಸಿಕೊಂಡಿದ್ದರು. ಒಂದು ಹಾಡುವ ಊರಲ್ಲಿ, ಇನ್ನೊಂದು ಏಳುತ್ತಿರುವ ಊರಲ್ಲಿ, ಮತ್ತೊಂದು ರಸ್ತೆ ಮೇಲೆ. ಶೋ ಇರಲಿ ಬಿಡಲಿ, ದಿನಕ್ಕೆ 7.5 ಲಕ್ಷ ಡಾಲರ್ ಖರ್ಚು ಬೀಳುತ್ತದೆ ಅಂತ ಅವರ ಮ್ಯಾನೇಜರ್ ಆಗ ಹೇಳಿದ್ದರು.

'ಶೋ ಇರಲಿ ಬಿಡಲಿ' ಅನ್ನೋದನ್ನು ಇನ್ನೊಮ್ಮೆ ಓದಿ. ಈ ಧಂದೆಯ ಕಷ್ಟ ಎಲ್ಲಾ ಅದರಲ್ಲೇ ಇದೆ. ಹಾಡಿದ ರಾತ್ರಿ ದುಡ್ಡು ಬರುತ್ತದೆ, ಸಾಗಾಟದ ದಿನ ಹೋಗುತ್ತದೆ. ಲಾರಿ ಡ್ರೈವರ್‌ಗಳ ಬೆಲೆ ಇಂಥ ಕಡೆ ಗೊತ್ತಾಗುತ್ತದೆ. 2023ರಲ್ಲಿ ಅಮೆರಿಕದ ಸುತ್ತು ಮುಗಿಯುವಾಗ ಸ್ವಿಫ್ಟ್ ಅವರು ಟೂರ್‌ನ ಡ್ರೈವರ್‌ಗಳಿಗೆ ತಲಾ 1 ಲಕ್ಷ ಡಾಲರ್ ಬೋನಸ್ ಕೊಟ್ಟರು ಅಂತ ದೊಡ್ಡ ಸುದ್ದಿಯಾಗಿತ್ತು. ಸಂಡೂರು ಕಡೆ ಅದಿರು ಲಾರಿ ಓಡಿಸುವ ನನ್ನ ಗೆಳೆಯನಿಗೆ ಹೇಳಿದೆ. ಅವನು ನಂಬಲೇ ಇಲ್ಲ, 'ಬಾಡಿಗೆ ಬಾಕಿ ಇಟ್ಟುಕೊಳ್ಳದಿದ್ದರೆ ಸಾಕಪ್ಪ' ಅಂದ.

ಈಗ ನಮ್ಮ ನಾಟಕ ಕಂಪನಿಗಳನ್ನು ನೆನಪು ಮಾಡಿಕೊಳ್ಳಿ. ಬಾದಾಮಿ ಬನಶಂಕರಿ ಜಾತ್ರೆಗೆ ಎಷ್ಟು ಕಂಪನಿ ಬಂದು ಕ್ಯಾಂಪ್ ಹಾಕುತ್ತವೆ, ಗೊತ್ತಲ್ವಾ? ತಗಡಿನ ಥಿಯೇಟರ್ ಕಟ್ಟಬೇಕು, ಪರದೆ ಕಟ್ಟಬೇಕು, ಲೈಸೆನ್ಸ್ ತಗೋಬೇಕು, ಕರೆಂಟ್ ಎಳೆಸಬೇಕು. ಅಷ್ಟು ಮಾಡಿ ಒಂದೇ ರಾತ್ರಿ ಆಡಿ ಎದ್ದುಹೋದರೆ ಮಾಲೀಕ ಮುಳುಗಿದ ಅಂತಲೇ ಅರ್ಥ. ಅದಕ್ಕೆ ವಾರಗಟ್ಟಲೆ ಕೂತು ಆಡುತ್ತಾರೆ. ಕಂಪನಿ ಹಳ್ಳಿ ಹಳ್ಳಿಗೆ ಹೋಗೋದಿಲ್ಲ. ಸುತ್ತಲಿನ ಹಳ್ಳಿಗಳೇ ಕಂಪನಿ ಹತ್ತಿರ ಬರುತ್ತವೆ. ಊಟ ಕಟ್ಟಿಕೊಂಡು, ಟ್ರ್ಯಾಕ್ಟರ್ ಮಾಡಿಕೊಂಡು.

ಜಗತ್ತಿನ ದೊಡ್ಡ ಟೂರ್‌ಗಳು ಈಗ ಇದೇ ದಾರಿ ಹಿಡಿದಿವೆ. ಇಂಗ್ಲೆಂಡಿನ ಗಾಯಕಿ ಅಡೆಲ್ 2024ರ ಆಗಸ್ಟ್‌ನಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ತಾತ್ಕಾಲಿಕ ಸ್ಟೇಡಿಯಂ ಕಟ್ಟಿಸಿ ಹತ್ತು ಶೋ ಮಾಡಿದರು. 220 ಮೀಟರ್ ಅಗಲದ ಪರದೆ! ಯುರೋಪಿನ ಬೇರೆ ಯಾವ ಊರಿಗೂ ಆ ಸೆಟ್ ಹೋಗಲಿಲ್ಲ, ಜನರೇ ಅಲ್ಲಿಗೆ ಹೋದರು. ಸ್ವಿಫ್ಟ್ ಲಂಡನ್ನಿನ ವೆಂಬ್ಲಿ ಸ್ಟೇಡಿಯಂ ಒಂದರಲ್ಲೇ 2024ರಲ್ಲಿ ಎಂಟು ರಾತ್ರಿ ಹಾಡಿದರು. ಇಂಗ್ಲೆಂಡಿನ ಕೋಲ್ಡ್‌ಪ್ಲೇ ಬ್ಯಾಂಡ್ 2025ರಲ್ಲಿ ಅದೇ ಮೈದಾನದಲ್ಲಿ ಹತ್ತು.

ಸಿಂಗಾಪುರ ಇದನ್ನು ಎಲ್ಲರಿಗಿಂತ ಮೊದಲು ಅರ್ಥ ಮಾಡಿಕೊಂಡಿತು. ಅಲ್ಲಿನ ನ್ಯಾಷನಲ್ ಸ್ಟೇಡಿಯಂಗೆ ಮುಚ್ಚಿ ತೆರೆಯುವ ಛಾವಣಿ ಇದೆ, ಮಳೆ ಬಂದರೂ ಶೋ ನಿಲ್ಲೋದಿಲ್ಲ. ಸುತ್ತಲಿನ ದೇಶಗಳಿಂದ ವಿಮಾನದಲ್ಲಿ ಕೆಲವೇ ತಾಸು. ಅದರ ಮೇಲೆ ಸರ್ಕಾರವೇ ದುಡ್ಡು ಕೊಟ್ಟಿತು. ಆ ಭಾಗದಲ್ಲಿ ಬೇರೆಲ್ಲೂ ಹಾಡಬಾರದು ಅನ್ನೋ ಷರತ್ತಿದೆ ಅಂತ ಥಾಯ್ಲೆಂಡಿನ ಪ್ರಧಾನಿ ಬಹಿರಂಗವಾಗಿ ದೂರಿದರು. ಒಪ್ಪಂದ ಇರೋದು ನಿಜ, ಪ್ರೋತ್ಸಾಹಧನ ಕೊಟ್ಟಿದ್ದೇವೆ ಅಂತ ಆಗಿನ ಸಿಂಗಾಪುರ ಪ್ರಧಾನಿ ಲೀ ಸಿಯೆನ್ ಲೂಂಗ್ 2024ರ ಮಾರ್ಚ್‌ನಲ್ಲಿ ಒಪ್ಪಿಕೊಂಡರು. ನನಗೆ ಇದು ತಪ್ಪು ಅನ್ನಿಸಲಿಲ್ಲ. ಜಾತ್ರೆ ಕಮಿಟಿಯವರು ಒಳ್ಳೆ ಕಂಪನಿಗೆ ಜಾಗದ ಬಾಡಿಗೆ ಬಿಟ್ಟು ಕರೆಸಿಕೊಳ್ಳೋದಿಲ್ವಾ?

ಹಾಗಾದರೆ ಭಾರತದಲ್ಲಿ ಜನ ಇಲ್ವಾ? ಜನಕ್ಕೇನು ಬರ! 2024ರ ಸೆಪ್ಟೆಂಬರ್ 22ರಂದು ಕೋಲ್ಡ್‌ಪ್ಲೇ ಮುಂಬೈ ಟಿಕೆಟ್ ಬಿಟ್ಟಾಗ ಆನ್‌ಲೈನ್ ಕ್ಯೂನಲ್ಲಿ ಲಕ್ಷಗಟ್ಟಲೆ ಜನ ನಿಂತಿದ್ದರು. ಎರಡು ಶೋ ಅಂದಿದ್ದು ಮೂರಾಯಿತು, ಆಮೇಲೆ ಅಹಮದಾಬಾದ್ ಸೇರಿತು. 2025ರ ಜನವರಿ 25, 26ರಂದು ಅಲ್ಲಿನ ನರೇಂದ್ರ ಮೋದಿ ಸ್ಟೇಡಿಯಂನಲ್ಲಿ ದಿನಕ್ಕೆ 1 ಲಕ್ಷಕ್ಕೂ ಜಾಸ್ತಿ ಜನ. ರೈಲ್ವೆಯವರು ಸ್ಪೆಷಲ್ ರೈಲು ಬಿಟ್ಟರು. ಆದರೆ ಅವರು ಬಂದ ದಾರಿ ಗಮನಿಸಿ. ಅದೇ ತಿಂಗಳು ಅಬುಧಾಬಿಯಲ್ಲಿ ನಾಲ್ಕು ಶೋ ಮುಗಿಸಿ ಅಲ್ಲಿಂದ ಮುಂಬೈಗೆ ಬಂದರು. ಹತ್ತಿರದ ಕ್ಯಾಂಪ್ ಆದ ಮೇಲೆ ಹತ್ತಿರದ ಕ್ಯಾಂಪ್. ಸ್ವಿಫ್ಟ್ 2024ರಲ್ಲಿ ಟೋಕಿಯೊದಿಂದ ಆಸ್ಟ್ರೇಲಿಯಾಕ್ಕೆ ಹೋಗಿ ಸಿಂಗಾಪುರಕ್ಕೆ ಬಂದು, ಅಲ್ಲಿಂದ ಎರಡು ತಿಂಗಳು ಬಿಡುವು ತಗೊಂಡರು. ಮತ್ತೆ ಶುರುವಾಗಿದ್ದು ಮೇ ತಿಂಗಳಲ್ಲಿ, ಪ್ಯಾರಿಸ್‌ನಲ್ಲಿ. ಆ ನಡುವೆ ಭಾರತ ಅಂದರೆ ಏಪ್ರಿಲ್ ಬಿಸಿಲು, ಜೊತೆಗೆ ಐಪಿಎಲ್. ದೊಡ್ಡ ಮೈದಾನಗಳೆಲ್ಲ ಕ್ರಿಕೆಟ್ಟಿನ ಕೈಯಲ್ಲಿ.

ಲೈಟಿನವನಾಗಿ ನನಗೆ ಕಾಣುವ ಇನ್ನೊಂದು ತೊಡಕಿದೆ. ನಮ್ಮಲ್ಲಿ ರಾತ್ರಿ 10ರ ನಂತರ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ, 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ. ಹಬ್ಬ, ಉತ್ಸವಗಳಿಗೆ ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಧ್ಯರಾತ್ರಿವರೆಗೆ ಸಡಿಲಿಸಬಹುದು. ಗಣೇಶನ ಹಬ್ಬದಲ್ಲಿ ಪೊಲೀಸರು ಗಡಿಯಾರ ನೋಡಿಕೊಂಡು ನಿಂತಿರೋದನ್ನು ನಾನು ನೋಡುತ್ತಲೇ ಇರುತ್ತೇನೆ. ಎರಾಸ್ ಶೋ ಮೂರು ತಾಸಿಗೂ ಜಾಸ್ತಿ. 10ಕ್ಕೆ ಮುಗಿಸಬೇಕಂದ್ರೆ ಸಂಜೆ ಆರೂವರೆಗೆ ಶುರು ಮಾಡಬೇಕು. ಬೇಸಿಗೆಯಲ್ಲಿ ಆಗ ಇನ್ನೂ ಹಗಲು! ಕೋಟಿಗಟ್ಟಲೆ ಬೆಲೆಯ ಲೈಟು ಸೂರ್ಯನ ಮುಂದೆ ಏನು ಮಾಡೀತು, ಹೇಳಿ.

ಸಾಮಾನು ಕಡಿಮೆ ಇದ್ದವರು ಜಾಸ್ತಿ ಊರು ನೋಡುತ್ತಾರೆ. ಇಂಗ್ಲೆಂಡಿನ ಗಾಯಕ ಎಡ್ ಶೀರನ್ ಅದಕ್ಕೆ ಸಾಕ್ಷಿ. ಗಿಟಾರ್ ಬಾರಿಸಿ ಅದನ್ನೇ ಲೂಪ್ ಪೆಡಲ್‌ನಲ್ಲಿ (ಬಾರಿಸಿದ್ದನ್ನು ಹಿಡಿದಿಟ್ಟು ಮತ್ತೆ ಮತ್ತೆ ನುಡಿಸುವ, ಕಾಲಿನಿಂದ ಒತ್ತುವ ಯಂತ್ರ) ಹಿಡಿದು, ಅದರ ಮೇಲೆ ಹಾಡುವ ಮನುಷ್ಯ. 2025ರ ಜನವರಿ 30ರಿಂದ ಫೆಬ್ರವರಿ 15ರೊಳಗೆ ಪುಣೆ, ಹೈದರಾಬಾದ್, ಚೆನ್ನೈ, ಬೆಂಗಳೂರು, ಶಿಲ್ಲಾಂಗ್, ದೆಹಲಿ ಪಕ್ಕದ ಗುರುಗ್ರಾಮ ಸುತ್ತಿದರು. ಶಿಲ್ಲಾಂಗ್ ಅಂಥ ಬೆಟ್ಟದ ಊರಿಗೆ ಎರಾಸ್ ಸ್ಟೇಜಿನ ಲಾರಿಗಳು ಹತ್ತೋದು ಬಿಡಿ, ತಿರುಗಿಸೋಕೆ ಜಾಗ ಸಿಗುತ್ತಿರಲಿಲ್ಲ. ಬೆಂಗಳೂರಿನಲ್ಲಿ ಚರ್ಚ್ ಸ್ಟ್ರೀಟ್ ಫುಟ್‌ಪಾತ್ ಮೇಲೆ ಹಾಡೋಕೆ ನಿಂತಾಗ ಪೊಲೀಸರು ಮೈಕ್ ವೈರ್ ಕಿತ್ತ ವಿಡಿಯೊ ನೀವೂ ನೋಡಿರಬೇಕು. ಮೈಕ್‌ಸೆಟ್ ಧಂದೆಯವರಿಗೆಲ್ಲ ಅವತ್ತು ಒಳಗೊಳಗೇ ಖುಷಿ. ನಮ್ಮ ಪಾಡು ಅವರಿಗೂ ಬಂತಲ್ಲ ಅಂತ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ರಾಯಚೂರಿಗೆ, ಬಳ್ಳಾರಿಗೆ, ಕೊಪ್ಪಳಕ್ಕೆ ಇಂಥ ಟೂರ್ ಬರುತ್ತದಾ? ಇಲ್ಲ, ಆ ಆಸೆ ಬೇಡ. ಜನ ಸೇರಿಸೋದು ನಮಗೆ ಹೊಸದಲ್ಲ. ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಸೇರುವ ಲಕ್ಷಾಂತರ ಜನಕ್ಕೆ ಊಟ ಹಾಕಿ ಕಳಿಸುತ್ತಾರೆ, ಅದು ಯಾವ ಟೂರ್ ಮ್ಯಾನೇಜರ್‌ಗೂ ಸುಲಭದ ಕೆಲಸ ಅಲ್ಲ. ಆದರೆ ಟಿಕೆಟ್ ಕೊಂಡವರನ್ನು ಸೀಟಿಗೆ ಮುಟ್ಟಿಸಿ, ರಾತ್ರಿ ಮಲಗೋಕೆ ಹೋಟೆಲ್ ಕೊಟ್ಟು, ಬೆಳಗ್ಗೆ ವಿಮಾನ ಹತ್ತಿಸುವ ವ್ಯವಸ್ಥೆ ನಮ್ಮಲ್ಲಿಲ್ಲ.

ನೀವು ರಾಯಚೂರಿನವರು ಒಂದು ಲೆಕ್ಕದಲ್ಲಿ ನಮಗಿಂತ ಅದೃಷ್ಟವಂತರು. ಬೆಂಗಳೂರಿಗಿಂತ ಹೈದರಾಬಾದ್ ನಿಮಗೆ ಅರ್ಧ ದೂರ. ಮುಂಬೈಗೆ ಉದ್ಯಾನ್ ಎಕ್ಸ್‌ಪ್ರೆಸ್ ನಿಮ್ಮ ಊರಿನ ಮೇಲೇ ಹೋಗುತ್ತದೆ. ಆದರೆ ಶೋ ಯಾವ ಊರಲ್ಲಿ ಅನ್ನೋದರ ಜೊತೆ ಊರಿನ ಯಾವ ಮೂಲೆಯಲ್ಲಿ ಅಂತಲೂ ನೋಡಿ. ಶೀರನ್ ಹೈದರಾಬಾದ್ ಶೋ ನಡೆದಿದ್ದು ರಾಮೋಜಿ ಫಿಲ್ಮ್ ಸಿಟಿಯಲ್ಲಿ, ಅಂದರೆ ನಿಮ್ಮ ಕಡೆಯಿಂದ ಹೋದವರು ಇಡೀ ನಗರ ದಾಟಬೇಕು. ಬೆಂಗಳೂರಿನದು ತುಮಕೂರು ರಸ್ತೆ ಕಡೆ ಇತ್ತು, ನಮ್ಮ ಬಳ್ಳಾರಿಯವರು ಊರೊಳಗೆ ಹೋಗದೆಯೇ ಮುಟ್ಟಿದರು. ಅದೇ ರಾತ್ರಿ ವಾಪಸ್ ಬರುವ ರೈಲು ಬುಕ್ ಮಾಡಬೇಡಿ. 10ಕ್ಕೆ ಶೋ ಮುಗಿದರೂ ಗೇಟಿನಿಂದ ರಸ್ತೆಗೆ ಬರೋಕೇ ತುಂಬಾ ಹೊತ್ತು ಬೇಕು. ಹತ್ತಿರದಲ್ಲೇ ರೂಮ್ ಮಾಡಿ.

ಟಿಕೆಟ್ ಯಾವುದು ಅಂತ ಕೇಳಿದರೆ, ಸ್ಟೇಜಿಗೆ ತೀರಾ ಹತ್ತಿರದ್ದು ಬೇಡ ಅಂತೀನಿ. ದುಬಾರಿ, ಸೌಂಡೂ ಅಲ್ಲಿ ಚೆನ್ನಾಗಿರೋದಿಲ್ಲ. ಮೈದಾನದ ನಡುವೆ ಮಿಕ್ಸಿಂಗ್ ಕನ್ಸೋಲ್ ಇರುತ್ತದಲ್ಲ, ಎಂಜಿನಿಯರ್ ಕೂತು ಕೇಳುತ್ತಾ ಹದ ಮಾಡುವ ಜಾಗ. ಅದರ ಅಕ್ಕಪಕ್ಕ ಸಿಕ್ಕರೆ ಅವನ ಕಿವಿಗೆ ಕೇಳಿದ್ದೇ ನಿಮಗೂ ಕೇಳುತ್ತದೆ. ತುಂಬಾ ಹಿಂದೆ ಕೂತರೆ ಶಬ್ದ ತಡವಾಗಿ ಬರುತ್ತದೆ. ಸೆಕೆಂಡಿಗೆ ಸುಮಾರು 340 ಮೀಟರ್ ಅದರ ವೇಗ. 100 ಮೀಟರ್ ಹಿಂದಿದ್ದರೆ ಪರದೆ ಮೇಲೆ ತುಟಿ ಆಡಿ ಸುಮಾರು ಸೆಕೆಂಡಿನ ಮೂರನೇ ಒಂದು ಭಾಗದ ನಂತರ ದನಿ. ಅದಕ್ಕೇ ನಡುನಡುವೆ ಕಂಬ ನಿಲ್ಲಿಸಿ ಅಲ್ಲಿನ ಸ್ಪೀಕರ್‌ಗಳನ್ನು ಬೇಕಂತಲೇ ತಡ ಮಾಡಿ ಓಡಿಸುತ್ತಾರೆ, ಮುಂದಿನ ದನಿಗೂ ಹಿಂದಿನ ದನಿಗೂ ತಾಳೆಯಾಗಲಿ ಅಂತ. ನಮ್ಮ ಜಾತ್ರೆಗಳಲ್ಲಿ ಕಂಬಕ್ಕೊಂದು ಹಾರ್ನ್ ಕಟ್ಟಿ ಒಂದೇ ಮಾತು ನಾಲ್ಕು ಸಲ ಕೇಳಿಸುತ್ತದಲ್ಲ, ಅಲ್ಲಿ ಈ ಕೆಲಸ ಯಾರೂ ಮಾಡಿರೋದಿಲ್ಲ.

ತಂಗಿಯನ್ನು ಕರೆದುಕೊಂಡು ಹೋಗುತ್ತೀರಿ ಅಂದಿದ್ದಕ್ಕೆ ಇದನ್ನೂ ಹೇಳುತ್ತೇನೆ. 2023ರ ನವೆಂಬರ್‌ನಲ್ಲಿ ರಿಯೊ ಡಿ ಜನೈರೊದಲ್ಲಿ ಎರಾಸ್ ಶೋಗೆ ಬಂದ ಅಭಿಮಾನಿಯೊಬ್ಬರು ಬಿಸಿಲ ಝಳಕ್ಕೆ ಕುಸಿದು ತೀರಿಕೊಂಡರು. ಹೊರಗಿನಿಂದ ನೀರು ತರುವಂತಿರಲಿಲ್ಲ. ಮರುದಿನದ ಶೋ ಮುಂದೂಡಿದರು, ನೀರು ಒಳಗೆ ಬಿಡಬೇಕು ಅಂತ ಬ್ರೆಜಿಲ್ ಸರ್ಕಾರ ಆದೇಶಿಸಿತು. ರಾಯಚೂರಿನ ಬಿಸಿಲು ಕಂಡವರು ನಾವು, ನಮಗೇನಾಗುತ್ತೆ ಅನ್ನಬೇಡಿ. ಊರಲ್ಲಿ ಮಧ್ಯಾಹ್ನ ನೆರಳಿಗೆ ಹೋಗುತ್ತೇವೆ, ಕ್ಯೂನಲ್ಲಿ ಆಗೋದಿಲ್ಲ. ಒಳಗೆ ನೀರು ಎಲ್ಲಿ ಸಿಗುತ್ತದೆ, ನಿಮ್ಮ ಗೇಟಿನ ನಂಬರ್ ಎಷ್ಟು, ಹೊರಗೆ ಬರುವ ದಾರಿ ಯಾವುದು, ಇಷ್ಟನ್ನು ಮೊದಲೇ ನೋಡಿಕೊಳ್ಳಿ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ 11 ಜನ ಸತ್ತಿದ್ದು ಗೇಟುಗಳ ಹತ್ತಿರದ ನೂಕುನುಗ್ಗಲಲ್ಲಿ. ಟಿಕೆಟ್ ಇಲ್ಲದವರು ಗೇಟಿನ ಮುಂದೆ ಗುಂಪು ಕಟ್ಟಿರೋದು ಕಂಡರೆ ಆ ಕಡೆ ಹೋಗಲೇಬೇಡಿ, ಸೆಕ್ಯೂರಿಟಿಯವರನ್ನು ಕೇಳಿ ಬೇರೆ ಗೇಟ್ ಹಿಡಿಯಿರಿ. ಒಂದೆರಡು ಹಾಡು ತಪ್ಪಿದರೂ ಪರವಾಗಿಲ್ಲ.

ಕಿವಿಗೆ ಹಾಕುವ ರಬ್ಬರ್ ಪ್ಲಗ್ ಎರಡು ಜೊತೆ ತಗೊಂಡು ಹೋಗಿ, ಮೆಡಿಕಲ್ ಶಾಪಿನಲ್ಲೇ ಸಿಗುತ್ತವೆ. ತಂಗಿ ನಗುತ್ತಾಳೆ, ನಗಲಿ. ಈ ಕೆಲಸಕ್ಕಿಳಿದ ಹೊಸತರಲ್ಲಿ ನನಗೆ ಅದನ್ನು ಯಾರೂ ಹೇಳಿರಲಿಲ್ಲ. ಈಗ ಫೋನಿನಲ್ಲಿ ಮಾತಾಡುವವರು ನನಗೆ ಎಲ್ಲಾ ಎರಡು ಸಲ ಹೇಳಬೇಕು.