ಗೋವಾದ 3 ಮಿಮೀ ಸೂಟ್ ಸ್ಕಾಪಾ ಫ್ಲೋಗೆ ಸಾಕಾ?

ಗೋವಾದ ಗ್ರಾಂಡ್ ಐಲ್ಯಾಂಡ್‌ನಲ್ಲಿ 3 ಮಿಮೀ ದಪ್ಪದ ವೆಟ್‌ಸೂಟ್ (ರಬ್ಬರಿನಂಥ ಡೈವಿಂಗ್ ಉಡುಪು) ಹಾಕಿಯೂ ಎರಡನೇ ಡೈವ್‌ಗೆ ನಡುಗಿದೆ, ಅದೇ ಸ್ಕಾಪಾ ಫ್ಲೋಗೆ ಸಾಕಾ ಅಂತ ಕೇಳಿದ್ದೀರಿ. ನೀವು ನಡುಗಿದ್ದು ಬಹುಶಃ ನೀರಿಗಲ್ಲ, ಒದ್ದೆ ಸೂಟ್‌ನಲ್ಲೇ ಬೋಟಿನ ಗಾಳಿಗೆ ಕೂತಿದ್ದಕ್ಕೆ. ನನಗೂ ಹಾಗೇ ಆಗಿತ್ತು. ಸ್ಕಾಟ್ಲೆಂಡ್‌ನ ಸ್ಕಾಪಾ ಫ್ಲೋ ಕೊಲ್ಲಿ ಬೇರೆಯೇ ಕಥೆ. ಬೇಸಿಗೆಯಲ್ಲೂ ನೀರು ಸುಮಾರು 13 ಡಿಗ್ರಿ. 1919ರಲ್ಲಿ ಜರ್ಮನ್ನರು ತಾವೇ ಮುಳುಗಿಸಿದ ಯುದ್ಧನೌಕೆಗಳಲ್ಲಿ ದೊಡ್ಡವು 45 ಮೀಟರ್‌ವರೆಗಿನ ಆಳದಲ್ಲಿವೆ. 3 ಮಿಮೀ ಸೂಟ್ ಮನೆಯಲ್ಲೇ ಇರಲಿ.

ಮೊದಲು ಡ್ರೈಸೂಟ್ (ಒಳಗೆ ನೀರು ಬಾರದ, ಗಾಳಿ ತುಂಬಿರುವ ಸೂಟ್) ಕೋರ್ಸ್ ಮುಗಿಸಿ. ಸೂಟ್‌ನೊಳಗಿನ ಗಾಳಿ ಕಾಲಿನ ಕಡೆ ಸೇರಿದರೆ ತಲೆಕೆಳಗಾಗಿ ಮೇಲೆ ಹಾರುತ್ತೀರಿ, ಅದನ್ನು ಕೊಳದಲ್ಲೇ ಕಲಿಯಬೇಕು. ಆಮೇಲೆ ಒಳಉಡುಪು: ಉಣ್ಣೆ ಅಥವಾ ಥರ್ಮಲ್. ಹತ್ತಿ ಬೇಡವೇ ಬೇಡ, ಬೆವರು ಹೀರಿ ತಣ್ಣಗೆ ಅಂಟಿಕೊಳ್ಳುತ್ತೆ. ಹುಡ್, ದಪ್ಪ ಗ್ಲೌಸ್, ಬೋಟಿಗೆ ಉಣ್ಣೆ ಟೋಪಿ, ಫ್ಲಾಸ್ಕ್.

ಮುಳುಗಲು ಕಟ್ಟಿಕೊಳ್ಳುವ ಸೀಸದ ತೂಕ ಗೋವಾಗಿಂತ ಜಾಸ್ತಿ ಬೇಕು. ಎಷ್ಟು ಅಂತ ಇಲ್ಲಿಂದ ಹೇಳಲಾರೆ, ಮೊದಲ ದಿನ ಕಡಿಮೆ ಆಳದಲ್ಲಿ ನೋಡಿಕೊಳ್ಳಿ. ವಾಪಸ್ ವಿಮಾನ ಕೊನೆಯ ಡೈವ್‌ನಿಂದ 24 ಗಂಟೆ ಬಿಟ್ಟು ಬುಕ್ ಮಾಡಿ.