ಹಿಮದ ಘಾಟಿ: ಇಳಿಯುವ ಗೇರ್ ನೆತ್ತಿಯಲ್ಲೇ ಹಾಕಿ

ಪ್ರಶ್ನೆ: ಕಳೆದ ಚಳಿಗಾಲದಲ್ಲಿ ಹಿಮ ಬಿದ್ದಿದ್ದ ಘಾಟಿಯೊಂದನ್ನು ಕಾರಿನಲ್ಲಿ ದಾಟಿದೆವು. ಹತ್ತುವಾಗ ತೊಂದರೆಯಾಗಲಿಲ್ಲ. ಇಳಿಯುವಾಗ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಪೆಡಲ್ ಕಟಕಟ ನಡುಗಿತು. ಕಾರು ತಿರುಗದೆ ನೇರವಾಗಿ ಜಾರಿ ರಸ್ತೆಯಂಚಿನ ಹಿಮದ ರಾಶಿಗೆ ತಾಗಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಬ್ರೇಕ್ ಕೆಟ್ಟಿತ್ತೇ? ಫೋರ್ ವೀಲ್ ಡ್ರೈವ್ ಗಾಡಿ ತೆಗೆದುಕೊಂಡರೆ ಧೈರ್ಯವಾಗಿ ಹೋಗಬಹುದೇ?

ಉತ್ತರ: ಯಾರಿಗೂ ಪೆಟ್ಟಾಗಲಿಲ್ಲ ಎಂದು ಓದಿ ಸಮಾಧಾನವಾಯಿತು. ನೀವು ಹೇಳುವ ಲಕ್ಷಣ ನೋಡಿದರೆ ಬ್ರೇಕ್ ಕೆಟ್ಟಿರಲಿಲ್ಲ. ಆ ನಡುಕ ಎಬಿಎಸ್‌ನದು. ಚಕ್ರ ಲಾಕ್ ಆಗದಂತೆ ಅದು ಸೆಕೆಂಡಿಗೆ ಹಲವು ಸಲ ಬ್ರೇಕಿನ ಒತ್ತಡ ಸಡಿಲಿಸಿ ಮತ್ತೆ ಬಿಗಿ ಮಾಡುತ್ತದೆ. ಆದರೆ ರಸ್ತೆಯಲ್ಲಿ ಇಲ್ಲದ ಹಿಡಿತವನ್ನು ಅದೂ ತಂದುಕೊಡಲಾರದು. ಮಂಜುಗಡ್ಡೆಯ ಮೇಲೆ ಗಾಡಿ ನಿಲ್ಲಲು ಒಣ ರಸ್ತೆಯ ಹತ್ತು ಪಟ್ಟು ದೂರ ಬೇಕಾಗಬಹುದು. ಇಳಿಜಾರಾದರೆ ಇನ್ನೂ ಹೆಚ್ಚು.

ಟೈರಿನ ಹಿಡಿತ ಒಂದೇ ಗಂಟು. ಬ್ರೇಕಿಗೆ ಅಷ್ಟನ್ನೂ ಖರ್ಚು ಮಾಡಿದರೆ ತಿರುಗಲು ಏನೂ ಉಳಿಯದು. ನಿಮಗಾದದ್ದು ಇದೇ. ವೇಗವನ್ನು ತಿರುವಿಗೆ ಮುಂಚೆ, ಚಕ್ರ ನೇರವಿರುವಾಗಲೇ ಇಳಿಸಬೇಕು. ಅದಕ್ಕೂ ಮೊದಲಿನ ಕೆಲಸ ಗೇರಿನದು: ಕೆಳಗಿನ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ತಡೆದು ಹಿಡಿಯುತ್ತದೆ. ಘಾಟಿಯ ನೆತ್ತಿಯಲ್ಲಿ, ಇಳಿಜಾರು ಶುರುವಾಗುವ ಮೊದಲೇ ಎರಡನೇ ಗೇರಿಗೆ ಬನ್ನಿ, ತೀರಾ ಕಡಿದಾಗಿದ್ದರೆ ಒಂದನೆಯದಕ್ಕೆ. ಅರ್ಧ ಇಳಿದ ಮೇಲೆ ಗಾಬರಿಯಲ್ಲಿ ಗೇರ್ ಇಳಿಸಿ ಕ್ಲಚ್ ಥಟ್ಟನೆ ಬಿಟ್ಟರೆ ಚಕ್ರ ಅಲ್ಲೇ ಜಾರುತ್ತದೆ. ನ್ಯೂಟ್ರಲ್ ಅಂತೂ ಬೇಡವೇ ಬೇಡ. ಎಲೆಕ್ಟ್ರಿಕ್ ಕಾರಿನವರಿಗೆ ಒಂದು ಮಾತು: ಬ್ಯಾಟರಿ ಪೂರ್ತಿ ತುಂಬಿದ್ದರೆ ಅಥವಾ ತೀರಾ ತಣ್ಣಗಿದ್ದರೆ ಮೋಟಾರಿನಿಂದ ಸಿಗುವ ಬ್ರೇಕ್ ಬಲ ಕಡಿಮೆಯಾಗುತ್ತದೆ.

ಫೋರ್ ವೀಲ್ ಡ್ರೈವ್ ಹೊರಡಲು, ಹತ್ತಲು ಒಳ್ಳೆಯದು. ನಿಲ್ಲಿಸಲು ಅದರಿಂದ ಹೆಚ್ಚು ಉಪಯೋಗವಿಲ್ಲ, ಬ್ರೇಕ್ ಎಲ್ಲ ಕಾರುಗಳಲ್ಲೂ ನಾಲ್ಕು ಚಕ್ರಕ್ಕೂ ಇರುತ್ತದೆ. ಸಲೀಸಾಗಿ ಹತ್ತಿಬಿಡುವುದರಿಂದ ರಸ್ತೆ ಎಷ್ಟು ಜಾರುತ್ತಿದೆ ಎಂಬುದೇ ಗೊತ್ತಾಗದೆ ಹೋಗುವ ಅಪಾಯವೂ ಇದೆ. ನಾನಾಗಿದ್ದರೆ ಮೊದಲು ಟೈರಿಗೆ ಹಣ ಹಾಕುತ್ತೇನೆ. ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬೇಸಿಗೆ ಟೈರಿನ ರಬ್ಬರ್ ಗಡುಸಾಗುತ್ತದೆ. ಚಳಿಗಾಲದ ಟೈರ್ ಮೆದುವಾಗಿಯೇ ಇರುತ್ತದೆ. ನಾಲ್ಕನ್ನೂ ಬದಲಿಸಿ. ಮುಂದಿನ ಎರಡಕ್ಕೆ ಮಾತ್ರ ಹಾಕಿದರೆ ತಿರುವಿನಲ್ಲಿ ಹಿಂಭಾಗ ಬೀಸಿಕೊಂಡು ಬರುತ್ತದೆ. ಹಿಮದಲ್ಲಿ ಹಿಡಿತಕ್ಕಾಗಿ ಟೈರಿಗೆ ಸುತ್ತುವ ಚೈನ್ ಇಟ್ಟುಕೊಂಡಿದ್ದರೆ ಮನೆಯಲ್ಲೇ ಒಮ್ಮೆ ಕಟ್ಟಿ ಅಭ್ಯಾಸ ಮಾಡಿಕೊಳ್ಳಿ.

ಸಾವಿರ ಮೀಟರ್ ಏರಿದರೆ ತಾಪಮಾನ ಸುಮಾರು 6.5 ಡಿಗ್ರಿ ಇಳಿಯುತ್ತದೆ. ಬುಡದಲ್ಲಿ 5 ಡಿಗ್ರಿಯ ತುಂತುರು ಮಳೆಯಾಗಿದ್ದದ್ದು ಮೇಲೆ ಮಂಜುಗಡ್ಡೆಯಾಗಿರಬಹುದು. ಕೊರೆಯುವ ಚಳಿಗಿಂತ ಸೊನ್ನೆಯ ಆಸುಪಾಸಿನ ಮಂಜುಗಡ್ಡೆಯೇ ಹೆಚ್ಚು ಜಾರುತ್ತದೆ. ರಸ್ತೆ ಒದ್ದೆಯಾಗಿ ಕಂಡರೂ ಟೈರಿನ ಸದ್ದು ಇದ್ದಕ್ಕಿದ್ದಂತೆ ಅಡಗಿದರೆ ತೆಳು ಗಾಜಿನಂಥ ಪದರದ ಮೇಲಿದ್ದೀರಿ ಎಂದುಕೊಳ್ಳಿ. ಸೇತುವೆ ಮತ್ತು ಬಿಸಿಲು ಬೀಳದ ತಿರುವುಗಳಲ್ಲಿ ಇದು ಮೊದಲು ಕಟ್ಟುತ್ತದೆ.

ಅಕಸ್ಮಾತ್ ಹಿಮದಲ್ಲಿ ಸಿಕ್ಕಿಹಾಕಿಕೊಂಡು ಬೆಚ್ಚಗಿರಲು ಎಂಜಿನ್ ಚಾಲೂ ಇಡುವುದಾದರೆ, ಮೊದಲು ಕೆಳಗಿಳಿದು ಸೈಲೆನ್ಸರ್ ಕೊಳವೆಯ ಬಾಯಿಯಿಂದ ಹಿಮ ತೆಗೆಯಿರಿ. ಅದು ಮುಚ್ಚಿದ್ದರೆ ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಒಳಗೆ ತುಂಬಿ ಮಲಗಿದವರ ಪ್ರಾಣ ತೆಗೆಯಬಹುದು. ಹಿಮ ಬೀಳುತ್ತಲೇ ಇದ್ದರೆ ಮತ್ತೆ ಮತ್ತೆ ಇಳಿದು ನೋಡಿ.